ಒಂಬತ್ತು ಕಂಠ, ಒಂದು ಒಪ್ಪಂದ

ಸಂಘಶಕ್ತಿಯನ್ನು ಕುರಿತ ಉಪದೇಶಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಶಕ್ತಿಯು ವ್ಯವಹಾರದಲ್ಲಿ ಹೇಗೆ ಫಲಿಸುತ್ತದೆಂಬುದನ್ನು ಅರಿಯಬೇಕಾದರೆ, ನಾವು ನಿರೀಕ್ಷಿಸದ ಕಡೆಗೂ ದೃಷ್ಟಿ ಹಾಯಿಸಬೇಕಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದ 'ವು-ಟ್ಯಾಂಗ್ ಕ್ಲ್ಯಾನ್' ಎಂಬ ಹಿಪ್-ಹಾಪ್ ತಂಡದ ಚರಿತ್ರೆ ಅಂತಹುದು.

ಹಿಪ್-ಹಾಪ್ ಸಂಗೀತವು 1970ರ ದಶಕದಲ್ಲಿ ಆ ನಗರದ ಬ್ರಾಂಕ್ಸ್ ಭಾಗದ ಬಡ ಕೇರಿಗಳಲ್ಲಿ ಜನಿಸಿತು. ತಾಳದ ಗತಿಗೆ ಹೊಂದುವಂತೆ ಪ್ರಾಸಬದ್ಧ ನುಡಿಯನ್ನು ವೇಗವಾಗಿ ಹೇಳುವುದು ಅದರ ರೀತಿ. ಅಲ್ಲಿ ರಾಗಕ್ಕಿಂತ ಮಾತಿಗೇ ಪ್ರಾಧಾನ್ಯ.

ಸ್ಟೇಟನ್ ಐಲೆಂಡ್ ಮತ್ತು ಬ್ರೂಕ್ಲಿನ್ ಭಾಗಗಳ ಒಂಬತ್ತು ಮಂದಿ ಕಪ್ಪು ಜನಾಂಗದ ತರುಣರು ಈ ತಂಡವನ್ನು ಕಟ್ಟಿದರು. ಇವರಲ್ಲಿ ರಿಜ಼ಾ ಮತ್ತು ಜಿಜ಼ಾ ಎಂಬ ಹೆಸರುಗಳಿಂದ ಪ್ರಸಿದ್ಧರಾದ ಇಬ್ಬರು ಸೋದರ ಸಂಬಂಧಿಗಳು 1991ರಲ್ಲಿ ಬೇರೆ ಬೇರೆ ಕಂಪನಿಗಳ ಮೂಲಕ ಧ್ವನಿಮುದ್ರಿಕೆಗಳನ್ನು ಹೊರತಂದು ವಿಫಲರಾಗಿದ್ದರು. ಒಬ್ಬೊಬ್ಬರಾಗಿ ಹೋದರೆ ಕಂಪನಿಯ ಇಚ್ಛೆಗೆ ಮಣಿಯಬೇಕಾಗುವುದೆಂಬ ಪಾಠವನ್ನು ರಿಜ಼ಾ ಅದರಿಂದ ಕಲಿತನು. ಐದು ವರ್ಷಗಳ ಕಾಲ ತನ್ನ ಮಾತಿನಂತೆ ನಡೆದರೆ ಎಲ್ಲರನ್ನೂ ಶಿಖರಕ್ಕೇರಿಸುವೆನೆಂದು ಗೆಳೆಯರಿಗೆ ಭರವಸೆಯಿತ್ತನು.

1992ರಲ್ಲಿ ಅವರು 'ಪ್ರೊಟೆಕ್ಟ್ ಯಾ ನೆಕ್' ಎಂಬ ಹಾಡನ್ನು ತಾವೇ ಮುದ್ರಿಸಿ ಹಂಚಿದರು. ಅದು ಜನರ ಕಿವಿಗೆ ಬಿದ್ದ ಮೇಲೆ ಕಂಪನಿಗಳು ತಾವಾಗಿ ಬಂದವು. ರಿಜ಼ಾ ಮುಂದಿಟ್ಟ ಷರತ್ತು ಅಪೂರ್ವವಾದುದು. ತಂಡವು ಒಂದೇ ಕಂಪನಿಗೆ ಹಾಡುವುದು. ಆದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಕೃತಿಯನ್ನು ತಾನು ಬಯಸಿದ ಕಂಪನಿಗೆ ಕೊಡಲು ಸ್ವತಂತ್ರನು. ಇದಕ್ಕೆ ಒಪ್ಪಿದ 'ಲೌಡ್' ಸಂಸ್ಥೆಯು 1993ರ ನವೆಂಬರಿನಲ್ಲಿ ಅವರ ಮೊದಲ ಸಂಪುಟವನ್ನು ಪ್ರಕಟಿಸಿತು. ಹಾಂಗ್‌ಕಾಂಗಿನ ಕುಂಗ್‌ಫೂ ಚಲನಚಿತ್ರಗಳಿಂದಲೇ ತಂಡದ ಹೆಸರೂ ಸಂಪುಟದ ಕಲ್ಪನೆಯೂ ಬಂದಿದ್ದವು. ಮುಂದಿನ ಮೂರು ವರ್ಷಗಳಲ್ಲಿ ಐವರು ಸದಸ್ಯರು ಸ್ವಂತ ಸಂಪುಟಗಳನ್ನು ಹೊರತಂದರು. ಒಬ್ಬನಿಗೆ ಬಂದ ಕೀರ್ತಿ ಎಲ್ಲರ ಹೆಸರನ್ನೂ ಬೆಳಗಿತು. 1997ರಲ್ಲಿ ತಂಡದ ಎರಡನೆಯ ಸಂಪುಟವು ಅಮೆರಿಕದ ಮಾರಾಟಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿತು. ಐದು ವರ್ಷಗಳ ಮಾತು ನಿಜವಾಯಿತು.

ಇವರ ಹಾಡುಗಳಲ್ಲಿ ಹಿಂಸೆ, ಮಾದಕ ವಸ್ತು, ಒರಟು ಮಾತುಗಳು ಹೇರಳವಾಗಿವೆ. ಅವು ಮನೆಮಂದಿಯೆಲ್ಲ ಕುಳಿತು ಕೇಳುವಂತಹವೆಂದು ನಾವು ಹೇಳಲಾರೆವು. ಆದರೂ ಬಡತನದ ಬೀದಿಯೊಂದು ತನ್ನ ಬದುಕನ್ನು ತನ್ನದೇ ನುಡಿಯಲ್ಲಿ ಹೇಳಿಕೊಂಡ ದಾಖಲೆಯೆಂಬ ಮಹತ್ವ ಅವಕ್ಕಿದೆ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೊದಲ ಸಂಪುಟವನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು.

ಸಿರಿಯೊಡನೆ ಕಷ್ಟಗಳೂ ಬಂದವು. ಓಲ್ ಡರ್ಟಿ ಬಾಸ್ಟರ್ಡ್ ಎಂಬ ಹೆಸರಿನ ಸದಸ್ಯನು 2004ರಲ್ಲಿ ಮಾದಕ ವಸ್ತುವಿಗೆ ಬಲಿಯಾದನು. ಹಣದ ಲೆಕ್ಕಾಚಾರಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು.

ಬಡತನದಲ್ಲಿ ಕೂಡಿ ಬಾಳಿದವರು ಸಂಪತ್ತು ಬಂದಾಗ ಅಗಲುವುದನ್ನು ನಾವು ಅವಿಭಕ್ತ ಕುಟುಂಬಗಳಲ್ಲಿಯೂ ಕಂಡಿದ್ದೇವೆ. ಒಗ್ಗಟ್ಟಿನ ಹೆಸರಿನಲ್ಲಿ ವ್ಯಕ್ತಿಯ ಸ್ವಾತಂತ್ರ್ಯವನ್ನು ಅದುಮದಿದ್ದುದರಿಂದ ಆ ತಂಡ ಬೆಳೆಯಿತು. ಲೆಕ್ಕದಲ್ಲಿ ವಿಶ್ವಾಸ ಸಡಿಲವಾದಾಗ ನೊಂದಿತು. ಮನೆತನವನ್ನಾಗಲಿ ಸಂಸ್ಥೆಯನ್ನಾಗಲಿ ನಡೆಸುವ ಹಿರಿಯರು ಈ ಎರಡು ಸಂಗತಿಗಳನ್ನೂ ಜೊತೆಯಾಗಿಯೇ ನೆನೆಯುವುದು ಒಳಿತು.