ಹೊಗೆಯೂ ಎಲುಬೂ

ವಾಯುಮಾಲಿನ್ಯವೆಂದೊಡನೆ ಕೆಮ್ಮು, ದಮ್ಮು, ಕಣ್ಣುರಿಗಳನ್ನು ನೆನೆಯುವ ನಾವು, ಮಾಂಸದ ಮರೆಯಲ್ಲಿ ಅಡಗಿರುವ ಎಲುಬಿಗೂ ಬೀದಿಯ ಹೊಗೆಗೂ ಎತ್ತಣ ಸಂಬಂಧವೆಂದು ಕೇಳುವುದು ಸಹಜವೇ ಸರಿ. ಎಲುಬು ಜಡವಸ್ತುವೆಂಬ ಭ್ರಾಂತಿಯೇ ಈ ಪ್ರಶ್ನೆಯ ಮೂಲ. ಅದಾದರೋ ರಕ್ತಸಂಚಾರವುಳ್ಳ ಸಜೀವ ಧಾತು; ಹಳೆಯ ಅಂಶವನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಆಜೀವಪರ್ಯಂತ ದುಡಿಯುತ್ತಿರುತ್ತವೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದ ಸೂಕ್ಷ್ಮ ಕಣಗಳು ದೇಹದಲ್ಲಿ ಉರಿಯೂತವನ್ನು ಹಬ್ಬಿಸಿದಾಗ, ಕರಗಿಸುವ ಕೋಶಗಳ ಕೈ ಮೇಲಾಗುವುದೆಂಬುದು ತಜ್ಞರ ಊಹೆ.

ಹಳ್ಳಿಯ ಗಾಳಿ ನಿರ್ಮಲವೆಂಬುದು ಮತ್ತೊಂದು ನಂಬಿಕೆ. ಹೈದರಾಬಾದಿನ ಸುತ್ತಲ 28 ಗ್ರಾಮಗಳ 3,717 ಮಂದಿಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿನ ಗಾಳಿಯ ಸೂಕ್ಷ್ಮ ಕಣಗಳು ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 32.8 ಮೈಕ್ರೋಗ್ರಾಂ ಇದ್ದುವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮಿತಿ 10. ಪ್ರತಿಯೊಬ್ಬರನ್ನೂ ಮೇಜಿನ ಮೇಲೆ ಮಲಗಿಸಿ, ಮಂದವಾದ ಕ್ಷ-ಕಿರಣಗಳನ್ನು ಹಾಯಿಸಿ, ಸೊಂಟದ ಕಶೇರುಗಳಲ್ಲಿಯೂ ಎಡ ಚಪ್ಪೆಯಲ್ಲಿಯೂ ಇರುವ ಖನಿಜಾಂಶವನ್ನು ಅಳೆದಾಗ, ಕಣಗಳು ಹೆಚ್ಚಿದ್ದಲ್ಲಿ ಖನಿಜಾಂಶ ತುಸು ಕಡಮೆಯಿದ್ದುದು ಕಂಡುಬಂದಿತು. ತುಸುವೆಂಬುದನ್ನು ಮರೆಯಲಾಗದು: ಇಂಥ ಅಧ್ಯಯನ ಸಾಹಚರ್ಯವನ್ನು ತೋರಿಸಬಲ್ಲುದೇ ಹೊರತು ಕಾರಣವನ್ನು ಸಿದ್ಧಪಡಿಸಲಾರದು. ಮುಪ್ಪು, ಮುಟ್ಟು ನಿಲ್ಲುವಿಕೆ, ಬೀಡಿ-ಸಿಗರೇಟು, ಅಪೌಷ್ಟಿಕತೆ ಇವುಗಳ ಪಾತ್ರವನ್ನು ಮರೆತು ಪ್ರತಿಯೊಂದು ಸೊಂಟನೋವನ್ನೂ ಗಾಳಿಯ ತಲೆಗೆ ಕಟ್ಟುವವರು ಹಳೆಯ ತಪ್ಪಿನ ಜಾಗದಲ್ಲಿ ಹೊಸದೊಂದನ್ನು ಕೂರಿಸುತ್ತಾರೆ, ಅಷ್ಟೆ. ಸೌದೆ-ಬೆರಣಿಯ ಒಲೆಗೂ ಎಲುಬಿಗೂ ಆ ಅಧ್ಯಯನದಲ್ಲಿ ಅಂಥ ಸಂಬಂಧವೇ ಕಾಣಲಿಲ್ಲ. ಹಾಗೆಂದು ಒಲೆಯ ಹೊಗೆಯನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ, ಗೃಹಿಣಿಯ ಶ್ವಾಸಕೋಶದ ಸಾಕ್ಷ್ಯ ಬೇರೆಯೇ ಇದೆ.

ಇನ್ನು, ಬಿಸಿಲಿಗೆ ಬರವಿಲ್ಲದ ದೇಶದಲ್ಲಿ ಡಿ ಜೀವಸತ್ತ್ವಕ್ಕೆ ಕೊರತೆಯೆಲ್ಲಿಯದೆಂದು ವಿದ್ಯಾವಂತರೂ ಕೇಳುವುದುಂಟು. ಎಲುಬಿಗೆ ಬೇಕಾದ ಸುಣ್ಣದ ಅಂಶವನ್ನು ಕರುಳು ಹೀರಿಕೊಳ್ಳಬೇಕಾದರೆ ಈ ಸತ್ತ್ವ ಬೇಕು. ಚರ್ಮದಲ್ಲಿ ಅದನ್ನು ಹುಟ್ಟಿಸುವುದು ಬಿಸಿಲಿನ ಬೆಳಕಲ್ಲ, ಕಾವಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಆಗಸದ ಮಸುಕು ತಡೆಯುವುದು ಇದನ್ನೇ. ದಿಲ್ಲಿಯ ಮೋರಿ ಗೇಟಿನ ಕೂಸುಗಳನ್ನೂ ಅಂದು ಅಷ್ಟಾಗಿ ಹೊಗೆ ಕವಿಯದಿದ್ದ ಗುರುಗಾಂವದ ಕೂಸುಗಳನ್ನೂ ಹೋಲಿಸಿ 2002ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೋರಿ ಗೇಟಿನ ಮಕ್ಕಳ ರಕ್ತದಲ್ಲಿ ಡಿ ಜೀವಸತ್ತ್ವ ಮಿಲಿಲೀಟರಿಗೆ ಸರಾಸರಿ 12.4 ನ್ಯಾನೋಗ್ರಾಂ, ಗುರುಗಾಂವದವರಲ್ಲಿ 27.1. ಎರಡೂ ಕಡೆಯ ಮಕ್ಕಳ ಮೇಲೆ ಬೆಳಗುತ್ತಿದ್ದುದು ಒಂದೇ ಸೂರ್ಯ. ನಡುವಣ ಗಾಳಿ ಮಾತ್ರ ಒಂದೇ ಆಗಿರಲಿಲ್ಲ.