ಎಂ1 ಗರಾಂಡ್ ರೈಫಲ್‌ನ ನಿರ್ವಹಣೆ

ಎಂ1 ಗರಾಂಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಸೈನ್ಯವು 1936ರಲ್ಲಿ ಅಂಗೀಕರಿಸಿದ ಅರೆ-ಸ್ವಯಂಚಾಲಿತ ರೈಫಲ್. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಇದನ್ನು ರೂಪಿಸಿದ ಜಾನ್ ಗರಾಂಡ್ ಅವರ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧಗಳಲ್ಲಿ ಇದು ಅಮೆರಿಕದ ಪದಾತಿದಳದ ಮುಖ್ಯ ಆಯುಧವಾಗಿತ್ತು. ಎಂಟು ತೋಟಾಗಳನ್ನು ಒಂದೇ ಕ್ಲಿಪ್‌ನಲ್ಲಿ ತುಂಬುವ ಈ ರೈಫಲ್ ಯುದ್ಧಭೂಮಿಯಲ್ಲಿ ಕೈಕೊಡದಿರಲು ಎಣ್ಣೆ ಮತ್ತು ಗ್ರೀಸ್‌ಗಳ ಸರಿಯಾದ ಬಳಕೆ ಅತ್ಯಗತ್ಯವಾಗಿತ್ತು.

ಕಾರ್ಯವಿಧಾನ

ಗುಂಡು ಹಾರಿದಾಗ ನಳಿಕೆಯ ತುದಿಯ ಸಮೀಪದಲ್ಲಿರುವ ಸಣ್ಣ ರಂಧ್ರದ ಮೂಲಕ ಸ್ವಲ್ಪ ಅನಿಲವು ಹೊರಬಂದು ಉದ್ದನೆಯ ಚಾಲಕದಂಡವನ್ನು ಹಿಂದಕ್ಕೆ ತಳ್ಳುತ್ತದೆ. ದಂಡದ ಹಿಂತುದಿಯಲ್ಲಿರುವ ಓರೆಗಾಡಿಯು ಬೋಲ್ಟನ್ನು ತಿರುಗಿಸಿ ತೆರೆಯುತ್ತದೆ; ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ. ಬಳಿಕ ಸ್ಪ್ರಿಂಗ್ ದಂಡವನ್ನು ಮುಂದಕ್ಕೆ ತಂದು ಹೊಸ ತೋಟಾವನ್ನು ಚೇಂಬರಿಗೆ ಸೇರಿಸುತ್ತದೆ. ಕೈಯಿಂದ ಬೋಲ್ಟ್ ಎಳೆಯುವ ಹಳೆಯ ರೈಫಲ್ ಬಿಗಿದುಕೊಂಡರೆ ಸೈನಿಕನು ಅಂಗೈಯಿಂದ ಗುದ್ದಿಯಾದರೂ ತೆರೆಯಬಹುದಿತ್ತು. ಇಲ್ಲಿ ಪ್ರತಿ ಬಾರಿಯೂ ಆ ಕೆಲಸವನ್ನು ಮಾಡುವುದು ಅಳತೆಯ ಅನಿಲ ಮತ್ತು ಒಂದು ಸ್ಪ್ರಿಂಗ್ ಮಾತ್ರ. ಆದ್ದರಿಂದ ಘರ್ಷಣೆ ಹೆಚ್ಚಾದಂತೆ ರೈಫಲ್ ಅರ್ಧದಲ್ಲೇ ನಿಲ್ಲುವ ಸಂಭವವೂ ಹೆಚ್ಚುತ್ತದೆ.

ಮಳೆ ಮತ್ತು ಗ್ರೀಸ್

ಸುರಿಮಳೆಯಲ್ಲಿ ತೆಳುವಾದ ಎಣ್ಣೆ ಕೊಚ್ಚಿಹೋಗುತ್ತಿತ್ತು. ಬೋಲ್ಟಿನ ಗುಬ್ಬಿಯು ಚಾಲಕದಂಡದ ಓರೆಗಾಡಿಯಲ್ಲಿ ಉಜ್ಜುವ ಸ್ಥಳದಲ್ಲಿ ಒತ್ತಡ ಅತ್ಯಧಿಕ. ಅಲ್ಲಿ ಎಣ್ಣೆ ಇಲ್ಲವಾದರೆ ಲೋಹಕ್ಕೆ ಲೋಹ ಕಚ್ಚಿಕೊಂಡು ರೈಫಲ್ ತೆರೆಯಲಾಗದಂತೆ ಬಿಗಿದುಕೊಳ್ಳುತ್ತಿತ್ತು. ನೀರಿಗೆ ಜಗ್ಗದ ಲೂಬ್ರಿಪ್ಲೇಟ್ ಎಂಬ ಗ್ರೀಸ್ ಇದಕ್ಕೆ ಪರಿಹಾರವಾಯಿತು. ಹೊಲಿಗೆ ಯಂತ್ರಕ್ಕೆ ತೆಳುವಾದ ಎಣ್ಣೆ ಸಾಕು, ಎತ್ತಿನ ಗಾಡಿಯ ಅಚ್ಚಿಗೆ ಮಂದವಾದದ್ದೇ ಬೇಕು. ಇಲ್ಲಿನ ತತ್ತ್ವವೂ ಅದೇ. ಈ ಗ್ರೀಸಿನ ಪುಟ್ಟ ಡಬ್ಬಿಯನ್ನು ಸೈನಿಕರು ರೈಫಲ್‌ನ ಹಿಂಬದಿಯ ಮರದಲ್ಲಿ ಕೊರೆದ ಪೊಳ್ಳಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದರು.

ಗ್ರೀಸ್ ಹಚ್ಚಬೇಕಾದದ್ದು ಓರೆಗಾಡಿ, ಬೋಲ್ಟಿನ ಗುಬ್ಬಿಗಳು, ಅವು ಜಾರುವ ಗಾಡಿಗಳು ಮತ್ತು ಬೋಲ್ಟಿನ ತಳಕ್ಕೆ, ಅದೂ ತೆಳುವಾದ ಪದರವಾಗಿ. ಹೆಚ್ಚು ಬಳಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಮಿಕ್ಕ ಗ್ರೀಸ್ ಮರಳು ಮತ್ತು ಮಸಿಯನ್ನು ಹಿಡಿದಿಟ್ಟು ಉಜ್ಜುಕಾಗದದಂತೆ ಲೋಹವನ್ನು ಸವೆಸುತ್ತದೆ. ಅನಿಲದ ಕೊಳವೆ ಮತ್ತು ಪಿಸ್ಟನ್ ಒಣಗಿರಬೇಕು: ಅಲ್ಲಿಯ ಎಣ್ಣೆ ಬಿಸಿಗೆ ಸುಟ್ಟು ಗಟ್ಟಿಯಾದ ಕರಿಯಾಗುತ್ತದೆ. ಚೇಂಬರಿನಲ್ಲಿಯೂ ಎಣ್ಣೆ ಉಳಿಯಬಾರದು. ಉಳಿದರೆ ತೋಟಾ ಗೋಡೆಯನ್ನು ಹಿಡಿದುಕೊಳ್ಳದೆ ಬೋಲ್ಟಿನ ಮೇಲೆ ಅಧಿಕ ಒತ್ತಡ ಬೀಳುತ್ತದೆ.

ಕಡುಚಳಿಯಲ್ಲಿ ಸಮಸ್ಯೆ ತಿರುಗುಮುರುಗಾಗುತ್ತದೆ. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ಉಷ್ಣತೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದಾಗ ಸಾಮಾನ್ಯ ಎಣ್ಣೆಯೇ ಅಂಟಾಗಿ ಆಯುಧಗಳ ಚಲನೆಗೆ ಅಡ್ಡಿಯಾಯಿತು. ಅಂತಹ ಕಡೆ ಎಣ್ಣೆಯನ್ನು ಬಹುಪಾಲು ಒರೆಸಿ ತೆಗೆಯುವುದೇ ಜಾಣತನ.

ಶುಚಿಗೊಳಿಸುವಿಕೆ

ಆ ಕಾಲದ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಕೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ಉಳಿದು, ಗಾಳಿಯ ತೇವವನ್ನು ಹೀರಿ, ಬೇಗನೆ ತುಕ್ಕು ಹಿಡಿಸುತ್ತಿತ್ತು. ಎಣ್ಣೆಯಲ್ಲಿ ಈ ಲವಣ ಕರಗದು, ನೀರಿನಲ್ಲಿ ಕರಗುತ್ತದೆ; ಹಾಗಾಗಿ ಬಿಸಿನೀರು ಅಥವಾ ಸೋಪುನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ನಂತರವೇ ಎಣ್ಣೆ ಹಚ್ಚಬೇಕಿತ್ತು. ಈ ಕ್ರಮ ತಪ್ಪಿದ ಅನೇಕ ರೈಫಲ್‌ಗಳ ನಳಿಕೆಗಳಲ್ಲಿ ತುಕ್ಕಿನ ಕುಳಿಗಳು ಇಂದಿಗೂ ಕಾಣುತ್ತವೆ.

ಎಲ್ಲಕ್ಕೂ ಮೊದಲು ರೈಫಲ್ ಖಾಲಿಯಾಗಿದೆಯೆಂದು ಕಣ್ಣಾರೆ ಪರೀಕ್ಷಿಸಬೇಕು. ಚೇಂಬರಿನೊಳಗೆ ಹೆಬ್ಬೆರಳು ಇಟ್ಟಾಗ ಬೋಲ್ಟ್ ರಭಸದಿಂದ ಮುಚ್ಚಿ ಆಗುವ ಗಾಯಕ್ಕೆ ಸೈನಿಕರು ‘ಗರಾಂಡ್ ಹೆಬ್ಬೆರಳು’ ಎಂದೇ ಹೆಸರಿಟ್ಟಿದ್ದರು. ಈ ರೈಫಲ್‌ನ ಹಿಂಭಾಗ ಮುಚ್ಚಿರುವುದರಿಂದ ಶುಚಿಗೊಳಿಸುವ ಸಲಾಕೆಯನ್ನು ನಳಿಕೆಯ ಬಾಯಿಯಿಂದಲೇ ತೂರಿಸಬೇಕು. ಅವಸರದಲ್ಲಿ ಸಲಾಕೆ ಅಂಚಿಗೆ ಉಜ್ಜಿದರೆ ಒಳಗಿನ ಸುರುಳಿಗೀರುಗಳ ತುದಿ ಸವೆದು ಗುರಿ ಕೆಡುತ್ತದೆ.