ಶ್ರೀಲಂಕಾ ಪ್ರವಾಸಕ್ಕೆ ಹೊರಟಿದ್ದೀರಾ?

ಕೆಲವು ತಿಂಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ಶ್ರೀಲಂಕಾ ಪ್ರವಾಸ ಮುಗಿಸಿ ಬಂದರು. ಕೊಲಂಬೊ, ಕ್ಯಾಂಡಿ, ನುವಾರ ಎಲಿಯ ಬಳಿಯ ಸೀತಾ ದೇವಾಲಯ, ಟ್ರಿಂಕೋಮಲಿಯ ಕೋಣೇಶ್ವರ ಎಲ್ಲವನ್ನೂ ಏಳು ದಿನಗಳಲ್ಲಿ ನೋಡಿದ್ದರು. ಅಲ್ಲಿದ್ದಷ್ಟು ದಿನ ಇಬ್ಬರಿಗೂ ಒಂದು ಸೀನು ಕೂಡ ಬಂದಿರಲಿಲ್ಲ. ಊರಿಗೆ ಮರಳಿದ ಮೂರನೆಯ ದಿನ ಮೇಷ್ಟ್ರಿಗೆ ಜ್ವರ ಕಾಣಿಸಿತು. ಮೈಕೈಯೆಲ್ಲ ಮುರಿದು ಹಾಕಿದಂಥ ನೋವು, ಕಣ್ಣುಗುಡ್ಡೆಗಳ ಹಿಂದೆ ಸಿಡಿತ. ಪ್ರಯಾಣದ ಆಯಾಸವೆಂದುಕೊಂಡು ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗಿದರು. ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಮನೆಯವರಿಗೆಲ್ಲ ಸಮಾಧಾನವಾಯಿತು. ಅದೇ ಸಂಜೆ ವಿಪರೀತ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ ಶುರುವಾಗಿ ಕೈಕಾಲು ತಣ್ಣಗಾದವು.

"ಜ್ವರ ಬಿಟ್ಟಿತಲ್ಲ ಡಾಕ್ಟ್ರೇ, ಇನ್ನೇನು ಭಯ ಅಂದುಕೊಂಡೆವು" ಎಂದರು ಅವರ ಪತ್ನಿ. ಮೇಷ್ಟ್ರಿಗೆ ಬಂದಿದ್ದುದು ಡೆಂಗಿ ಜ್ವರ. ಸಕಾಲಕ್ಕೆ ಆಸ್ಪತ್ರೆಗೆ ಸೇರಿದ್ದರಿಂದ ಬದುಕಿಕೊಂಡರು.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ನಮ್ಮದೇ ಅನ್ನ, ತೆಂಗು, ಮಳೆ ಇರುವ ನಾಡು. ಆದ್ದರಿಂದ ಅಲ್ಲಿಗೆ ಹೋಗುವವರು ಆರೋಗ್ಯದ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಸ್ವಲ್ಪ ಯೋಚಿಸಿದರೆ ಪ್ರವಾಸ ಸುಖಕರವಾಗುತ್ತದೆ.

ಹಗಲು ಕಚ್ಚುವ ಸೊಳ್ಳೆ

ಶ್ರೀಲಂಕಾದಲ್ಲಿ ಪ್ರವಾಸಿಗಳು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಡೆಂಗಿ ಜ್ವರದ ಬಗ್ಗೆ. 2017ರಲ್ಲಿ ಆ ಪುಟ್ಟ ದೇಶದಲ್ಲಿ 1,86,000ಕ್ಕೂ ಹೆಚ್ಚು ಮಂದಿಗೆ ಡೆಂಗಿ ತಗುಲಿತ್ತು ಎಂದು ವರದಿಯಾಗಿದೆ. ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಇದರ ಹಾವಳಿ ಹೆಚ್ಚು. ನೈರುತ್ಯ ಮುಂಗಾರಿನ ಜೂನ್-ಜುಲೈ ತಿಂಗಳುಗಳಲ್ಲಿ ಒಮ್ಮೆ, ವರ್ಷದ ಕೊನೆಯ ಮಳೆಯ ಸುಮಾರಿಗೆ ಇನ್ನೊಮ್ಮೆ ರೋಗ ಏರುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುನ್ನ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದರಷ್ಟೇ ಸಾಲದು. ತುಂಬುತೋಳಿನ ಬಟ್ಟೆ, ಉದ್ದ ಪ್ಯಾಂಟು ಅಥವಾ ಪೈಜಾಮ ಧರಿಸಿ. ಬೆಳಿಗ್ಗೆ ಕೋಣೆಯಿಂದ ಹೊರಡುವಾಗಲೇ ಸೊಳ್ಳೆ ನಿವಾರಕ ಮುಲಾಮು ಹಚ್ಚಿಕೊಳ್ಳಿ. ಬೆವರಿದರೆ, ಸ್ನಾನ ಮಾಡಿದರೆ ಮತ್ತೆ ಹಚ್ಚಬೇಕು.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗುಲಿದರೆ ರೋಗ ತೀವ್ರವಾಗುವ ಸಂಭವ ಹೆಚ್ಚು. ಡೆಂಗಿ ನಮ್ಮಲ್ಲೂ ಇರುವ ರೋಗವೇ. "ನನಗೆ ಒಂದು ಸಲ ಬಂದುಹೋಗಿದೆ, ಇನ್ನು ಬಾರದು" ಎನ್ನುವವರೇ ಹೆಚ್ಚು ಜಾಗರೂಕರಾಗಿರಬೇಕು.

ಜ್ವರ ಬಿಟ್ಟ ದಿನ ಎಚ್ಚರ

ಸೊಳ್ಳೆ ಕಚ್ಚಿದ 4ರಿಂದ 10 ದಿನಗಳ ನಂತರ ಜ್ವರ ಕಾಣಿಸುತ್ತದೆ. ಒಂದು ವಾರದ ಪ್ರವಾಸ ಮಾಡಿದವರಿಗೆ ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ. ಮೇಷ್ಟ್ರಿಗೆ ಆದದ್ದೂ ಹಾಗೆಯೇ.

ಜ್ವರವೇನೋ ಎರಡರಿಂದ ಏಳು ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೆ ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ದ್ರವ ಹೊರಕ್ಕೆ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಅಪಾಯದ ಅವಧಿ ಒಂದೆರಡು ದಿನ. ಆಗ ಸರಿಯಾದ ಪ್ರಮಾಣದಲ್ಲಿ ದ್ರವ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೇ ಕುತ್ತು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಲ ಕಪ್ಪಗಾಗುವುದು, ಅತಿಯಾದ ಸುಸ್ತು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಅದನ್ನೂ ವೈದ್ಯರು ಹೇಳಿದ ಪ್ರಮಾಣ ಮೀರಿ ತೆಗೆದುಕೊಳ್ಳಬಾರದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವು ನಿವಾರಕಗಳು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಹೃದ್ರೋಗಕ್ಕಾಗಿ ದಿನವೂ ಆಸ್ಪಿರಿನ್ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸದೆ ಜ್ವರ ಬಂದ ಕೂಡಲೇ ವೈದ್ಯರನ್ನು ಕೇಳಬೇಕು. ಗಂಜಿ, ಎಳನೀರು, ಓ.ಆರ್.ಎಸ್. ದ್ರಾವಣ ಕುಡಿಯುತ್ತಿರಿ. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್-1 ಎಂಬ ರಕ್ತಪರೀಕ್ಷೆಯಿಂದ ರೋಗವನ್ನು ಪತ್ತೆಮಾಡಬಹುದು.

ಗದ್ದೆಯ ನೀರಿನ ಜ್ವರ

ಇಲಿ ಜ್ವರವೂ ಶ್ರೀಲಂಕಾದಲ್ಲಿ ಸಾಮಾನ್ಯ. ಇಲಿಗಳ ಮೂತ್ರ ಸೇರಿದ ನೀರು ಅಥವಾ ಕೆಸರು ಗಾಯ, ಒಡೆದ ಹಿಮ್ಮಡಿ, ಕಣ್ಣು, ಬಾಯಿಗಳಿಗೆ ತಾಗಿದರೆ ರೋಗಾಣು ದೇಹವನ್ನು ಸೇರುತ್ತದೆ. ಗದ್ದೆಯ ಬದುವಿನಲ್ಲಿ ಬರಿಗಾಲಲ್ಲಿ ನಡೆಯುವವರು, ಮಳೆಗಾಲದಲ್ಲಿ ಹೊಳೆಗಿಳಿಯುವವರು, ದೋಣಿ ಸಾಹಸ ಮಾಡುವವರು ಎಚ್ಚರದಿಂದಿರಬೇಕು. ಜ್ವರದ ಜೊತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ ಇದನ್ನು ಶಂಕಿಸಬೇಕು. ಬೇಗ ಪತ್ತೆಯಾದರೆ ಸುಲಭವಾಗಿ ಗುಣಪಡಿಸಬಹುದು.

ಸಿಂಹರಾಜ ಕಾಡಿನಲ್ಲಿ ಕಾಲಿಗೆ ಹತ್ತುವ ಇಂಬಳಗಳಿಗೆ ಮಾತ್ರ ಹೆದರಬೇಕಿಲ್ಲ. ನಮ್ಮ ಮಲೆನಾಡಿನವರಿಗೆ ಅವು ಹಳೆಯ ಪರಿಚಯ! ನಿಧಾನವಾಗಿ ಬಿಡಿಸಿ, ಸೋಪುನೀರಿನಿಂದ ತೊಳೆದು, ಒತ್ತಿ ಹಿಡಿದರೆ ಸಾಕು.

ಬರಿಗಾಲು, ಬಿಸಿಲು, ಮೆಟ್ಟಿಲು

ಸಕ್ಕರೆ ಕಾಯಿಲೆಯಿದ್ದ ಮಹಿಳೆಯೊಬ್ಬರು ಅನುರಾಧಪುರಕ್ಕೆ ಹೋಗಿದ್ದರು. ಅಲ್ಲಿನ ಪವಿತ್ರ ಸ್ಥಳಗಳಲ್ಲಿ ಚಪ್ಪಲಿಯನ್ನೂ ಟೊಪ್ಪಿಯನ್ನೂ ತೆಗೆಯಬೇಕು. ಮಟಮಟ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಸ್ತೂಪಕ್ಕೆ ಪ್ರದಕ್ಷಿಣೆ ಬಂದರು. "ಬಿಸಿಯೇನೂ ಅನ್ನಿಸಲಿಲ್ಲ" ಎಂದರು. ರಾತ್ರಿ ನೋಡಿದರೆ ಎರಡೂ ಅಂಗಾಲುಗಳಲ್ಲಿ ಬೊಬ್ಬೆ. ಅನ್ನಿಸದಿರುವುದೇ ಅವರ ತೊಂದರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿತ್ತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಇಂಥವರು ದಪ್ಪ ಕಾಲುಚೀಲ ಹಾಕಿಕೊಳ್ಳಲಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಲಿ. ದಿನವೂ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಲಿ.

ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. 2,243 ಮೀಟರ್ ಎತ್ತರದ ಶ್ರೀಪಾದ ಬೆಟ್ಟಕ್ಕೆ 5,000ಕ್ಕೂ ಹೆಚ್ಚು. ಎದೆನೋವು, ಉಬ್ಬಸ, ಮಂಡಿನೋವು ಇರುವವರು ಊರಲ್ಲೇ ವೈದ್ಯರನ್ನು ಕಂಡು ಹೊರಡುವುದು ಕ್ಷೇಮ. ಬೆಟ್ಟದ ಮೇಲೆ ನಸುಕಿನಲ್ಲಿ ಕೊರೆಯುವ ಚಳಿ, ಸ್ವೆಟರ್ ಒಯ್ಯಿರಿ. ಸಿಗಿರಿಯದಲ್ಲಿ ಜೇನು ಮತ್ತು ಕಣಜಗಳ ಗೂಡುಗಳಿವೆ. ಕೂಗಾಡದೆ ಸದ್ದಿಲ್ಲದೆ ಹತ್ತಿ.

ಸಮುದ್ರಕ್ಕೂ ಋತುವಿದೆ

ಇಬ್ಬರು ತರುಣರು ಜೂನ್ ತಿಂಗಳಲ್ಲಿ ಹಿಕ್ಕಡುವದ ಕಡಲಿಗಿಳಿದರು. ಸೊಂಟದಷ್ಟು ನೀರಿನಲ್ಲಿ ನಿಂತಿದ್ದವನನ್ನು ಸೆಳವು ಒಳಕ್ಕೆ ಎಳೆದೊಯ್ದಿತು. ಮೀನುಗಾರರು ಕಂಡದ್ದರಿಂದ ಉಳಿದ. ನೈರುತ್ಯ ಮತ್ತು ದಕ್ಷಿಣದ ಕರಾವಳಿ ಶಾಂತವಾಗಿರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಅಬ್ಬರ. ಆಗ ಟ್ರಿಂಕೋಮಲಿ ಕಡೆಯ ಪೂರ್ವ ತೀರ ಶಾಂತವಾಗಿರುತ್ತದೆ. ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ಸೆಳವಿಗೆ ಸಿಕ್ಕರೆ ಅದಕ್ಕೆದುರಾಗಿ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಿ.

ಊಟ, ನೀರು, ಮಂಗ

ಕುದಿಸಿ ಆರಿಸಿದ ಅಥವಾ ಮುಚ್ಚಳ ಒಡೆಯದ ಬಾಟಲಿಯ ನೀರು ಕುಡಿಯಿರಿ. ಬೀದಿಬದಿಯ ಮಂಜುಗಡ್ಡೆ ಹಾಕಿದ ಪಾನೀಯ ಬೇಡ. ಬಾಯಾರಿದಾಗ 'ತಂಬಿಲಿ' ಎಂಬ ಕೇಸರಿ ಬಣ್ಣದ ಎಳನೀರು ಬಲು ಚೆನ್ನ. ಎದುರಿಗೇ ಕೆತ್ತಿಸಿ ಕುಡಿಯಿರಿ. ಸಸ್ಯಾಹಾರಿಗಳೂ, ಮೀನು ಒಗ್ಗದವರೂ ಒಂದು ಮಾತು ನೆನಪಿಡಬೇಕು. ತೆಂಗಿನತುರಿಯ 'ಪೊಲ್ ಸಂಬೋಲ'ಕ್ಕೆ, ಕೆಲವು ತರಕಾರಿ ಪಲ್ಯಗಳಿಗೆ ಕೂಡ ಒಣಮೀನಿನ ಪುಡಿ ಹಾಕುವುದುಂಟು. ಕೇಳಿ ಬಡಿಸಿಕೊಳ್ಳಿ.

ದೇವಸ್ಥಾನಗಳ ಮಂಗಗಳಿಗೆ ತಿನ್ನಲು ಕೊಡಬೇಡಿ. ಮಂಗ ಅಥವಾ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ರೇಬಿಸ್ ಲಸಿಕೆ ಆರಂಭಿಸಿ. ಊರಿಗೆ ಹೋದ ಮೇಲೆ ನೋಡೋಣ ಎನ್ನುವುದು ಸರಿಯಲ್ಲ. ತುರ್ತಿಗೆ ಅಲ್ಲಿನ ಉಚಿತ ಆಂಬುಲೆನ್ಸ್ ಸೇವೆಯ ಸಂಖ್ಯೆ 1990.

ದಿನನಿತ್ಯದ ಔಷಧಿಗಳನ್ನು ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟೇ ಇರಿಸಿಕೊಳ್ಳಿ. ಅವು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿರಲಿ.

ನಾವು ಒಯ್ಯುವ ರೋಗ

ಕಾಯಿಲೆ ಅಲ್ಲಿಂದ ಇಲ್ಲಿಗೆ ಮಾತ್ರ ಬರುವುದಿಲ್ಲ, ಇಲ್ಲಿಂದಲೂ ಹೋಗುತ್ತದೆ. 1934-35ರಲ್ಲಿ ಮಲೇರಿಯಾ ಆ ದ್ವೀಪದಲ್ಲಿ ಸುಮಾರು 80,000 ಜನರನ್ನು ಬಲಿ ತೆಗೆದುಕೊಂಡಿತು. 1963ರ ಹೊತ್ತಿಗೆ ವರ್ಷಕ್ಕೆ ಕೇವಲ 17 ರೋಗಿಗಳು ಎಂಬ ಸ್ಥಿತಿ ಬಂದಿತ್ತು. ಎಚ್ಚರ ಸಡಿಲವಾದದ್ದೇ ತಡ, ಆ ದಶಕ ಮುಗಿಯುವುದರೊಳಗೆ ಲಕ್ಷಾಂತರ ಮಂದಿ ಮತ್ತೆ ಮಲಗಿದರು. ದಶಕಗಳ ದುಡಿಮೆಯ ನಂತರ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತವೆಂದು ಘೋಷಿಸಿತು. ರೋಗ ಹರಡಬಲ್ಲ ಸೊಳ್ಳೆಗಳು ಅಲ್ಲಿ ಈಗಲೂ ಇವೆ. ಮಲೇರಿಯಾ ಇರುವ ನಮ್ಮ ದೇಶದಿಂದ ಒಬ್ಬ ರೋಗಿ ಹೋದರೂ ಅದು ಮತ್ತೆ ತಲೆಯೆತ್ತಬಹುದು. ಆದ್ದರಿಂದ ಜ್ವರವಿದ್ದರೆ ರಕ್ತಪರೀಕ್ಷೆ ಮಾಡಿಸದೆ ವಿಮಾನ ಹತ್ತಬೇಡಿ. ಅಲ್ಲಿ ಜ್ವರ ಬಂದರೆ ಭಾರತದಿಂದ ಬಂದವರೆಂದು ವೈದ್ಯರಿಗೆ ತಿಳಿಸಿ.

ಹಾಗೆಯೇ ಪ್ರವಾಸದಿಂದ ಮರಳಿದ ಎರಡು ವಾರಗಳಲ್ಲಿ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, "ಇಂಥ ದಿನ ಶ್ರೀಲಂಕಾದಿಂದ ಬಂದೆ" ಎಂದು ಮೊದಲೇ ಹೇಳಿಬಿಡಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗುತ್ತದೆ. ನಮ್ಮ ಮೇಷ್ಟ್ರು ಈಗ ಆರೋಗ್ಯವಾಗಿದ್ದಾರೆ. ಪ್ರವಾಸದ ಫೋಟೋ ತೋರಿಸುವಾಗ ಸೀತಾ ದೇವಾಲಯದ ವರ್ಣನೆ ಮುಗಿಸಿ, "ಜ್ವರ ಬಿಟ್ಟಿತು ಅಂತ ಮೈಮರೀಬೇಡ್ರಪ್ಪಾ" ಎಂದು ಎಲ್ಲರಿಗೂ ತಪ್ಪದೆ ಹೇಳುತ್ತಾರೆ.